ಎರಡು ಹೆಮ್ಮೆ, ಒಂದು ಹಾಡು

“ಕೊಲೆ ಮಾಡ್ದೋನ್ನ ಸುಮ್ನೆ ಬುಟ್ಬುಟ್ರಲ್ಲ ವಕೀಲ್ರೇ, ಇದು ನ್ಯಾಯಾನಾ?”

ಜಾಗ, ಮದ್ದೂರು ಸ್ಟೇಷನ್ನಿನ ಪ್ಲಾಟ್‌ಫಾರಂ. ಮಂಡ್ಯದ ಕಡೆಯಿಂದ ಬಂದ ರೈಲಿನಿಂದ ಜನ ಇಳಿಯುತ್ತಿದ್ದರು. ಕೇಳಿದವರು ಹಮೀದ್ ಸಾಹೇಬರು, ಸ್ಟೇಷನ್ನಿನ ಎದುರಿಗೇ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಕೇಳಿಸಿಕೊಂಡವನು ಕರಿಕೋಟು ತೊಟ್ಟ ನಾನು. ನನ್ನ ಜೊತೆಗೆ ಅಲ್ಲಿದ್ದ ಅಷ್ಟೂ ಜನ ಕೇಳಿಸಿಕೊಂಡರು.

ಒಬ್ಬ ಹೆಂಗಸು ಕಂಕುಳಲ್ಲಿದ್ದ ಮಗುವನ್ನು ಆಚೆ ಕಡೆಗೆ ಬದಲಾಯಿಸಿಕೊಂಡಳು. ಟಿಕೆಟ್ ವಸೂಲಿ ಮಾಡುತ್ತಿದ್ದವನು ನನ್ನ ಟಿಕೆಟ್ಟನ್ನು ತಿರುವಿ ತಿರುವಿ ನೋಡಿದ. ವಕೀಲ ಕೊಲೆಗಾರನನ್ನು ಬಿಡಿಸಿದ ಅಂದರೆ ನಂಬದವರು ಯಾರಿದ್ದಾರೆ ಹೇಳಿ?

“ಸಾಹೇಬರೇ, ಸ್ವಲ್ಪ ಮೆಲ್ಲಗೆ. ಯಾವ ಕೊಲೆ?” ಎಂದೆ.

“ಹನಕೆರೆ ಸ್ಟೇಷನ್ನಲ್ಲಿ ಆಯ್ತಲ್ಲ, ಅದು,” ಎಂದರು, ಇನ್ನೂ ಗಟ್ಟಿಯಾಗಿ.

ಆಗ ಅರ್ಥವಾಯಿತು. ಆ ಕೊಲೆ ಮಾಡಿಸಿದವನು ನಾನೇ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಎರಡು ಕಸುಬು ಗೊತ್ತು. ಹೊತ್ತು ಏರಿದ ಮೇಲೆ ಮಂಡ್ಯದಲ್ಲಿ ವಕೀಲಿ. ಅದಕ್ಕೆ ಮುಂಚೆ, ಬೆಳಗಿನ ಕಾಫಿಗೂ ಸ್ನಾನಕ್ಕೂ ನಡುವೆ, ಪತ್ತೇದಾರಿ ಕಾದಂಬರಿ. ಒಂದರಲ್ಲಿ ನಡೆದುಹೋದ ತಪ್ಪಿಗೆ ಕಾರಣ ಹುಡುಕುತ್ತೇನೆ. ಇನ್ನೊಂದರಲ್ಲಿ ಕಾರಣ ಮೊದಲೇ ಇಟ್ಟುಕೊಂಡು ತಪ್ಪು ಮಾಡಿಸುತ್ತೇನೆ. (ಯಾವುದು ಹೆಚ್ಚು ಮರ್ಯಾದೆಯ ಕೆಲಸ ಅಂತ ಮನೆಯಾಕೆಯನ್ನು ಕೇಳಿದ್ದೆ. “ಎರಡರಲ್ಲೂ ನಿಮ್ಮ ಹತ್ರ ಬರೋರು ಕಳ್ಳರೇ ತಾನೆ,” ಅಂದಳು.)

ಈಚೆಗೆ ಅಚ್ಚಾದ ಕಾದಂಬರಿಯ ಹೆಸರು ‘ಹನಕೆರೆ ಸ್ಟೇಷನ್ನಿನ ಹೆಣ’. ಯುದ್ಧದ ಕಾಲ, ಕಾಗದ ಸಿಕ್ಕುವುದೇ ಕಷ್ಟ. ಅಂಥದರಲ್ಲೂ ಬೆಂಗಳೂರಿನ ಒಬ್ಬ ಪ್ರಕಾಶಕರು ಧೈರ್ಯ ಮಾಡಿ ಅಚ್ಚು ಹಾಕಿದ್ದಾರೆ. ಕಥೆ ಇಷ್ಟು. ಸ್ಟೇಷನ್ನಿನಲ್ಲಿ ಒಬ್ಬ ಸಾಹುಕಾರರ ಹೆಣ ಬಿದ್ದಿದೆ, ತಲೆಗೆ ಪೆಟ್ಟಾಗಿದೆ. ಸ್ವಲ್ಪ ಹೊತ್ತಿಗೆ ಮುಂಚೆ ಅವರ ಆಳನ್ನು ಅಲ್ಲಿ ನೋಡಿದ ಹೂವಾಡಗಿತ್ತಿ ಒಬ್ಬಳು ಪೊಲೀಸರ ಮುಂದೆ ಹೇಳುತ್ತಾಳೆ: “ಅವುನು ಕಾಯಿ ತಗಂಡು ಒಡ್ದ.”

ನಮ್ಮ ಸೀಮೆಯ ನಾಲಗೆ ನಿಮಗೆ ಗೊತ್ತಲ್ಲ. ‘ಹ’ಕಾರಕ್ಕೂ ನಮಗೂ ಅಷ್ಟಕ್ಕಷ್ಟೆ. ಹಳ್ಳಿ ಅಳ್ಳಿಯಾಗುತ್ತದೆ, ಹಾವು ಆವಾಗುತ್ತದೆ, ಹೋದವನು ಓದವನಾಗುತ್ತಾನೆ. ತೆಂಗಿನಕಾಯಿಯನ್ನು ಒಡೆದರೂ ‘ಒಡ್ದ’, ಮನುಷ್ಯನನ್ನು ಹೊಡೆದರೂ ‘ಒಡ್ದ’. ಪೊಲೀಸರು ಹೊಡೆದ ಎಂದುಕೊಂಡು ಆಳನ್ನು ಹಿಡಿದು ಹಾಕುತ್ತಾರೆ. ಕೊನೆಯ ಪುಟದಲ್ಲಿ ನನ್ನ ಪತ್ತೇದಾರನಿಗೆ ಹೊಳೆಯುತ್ತದೆ, ಆಳು ಪ್ರಯಾಣಕ್ಕೆ ಮುಂಚೆ ದೇವರಿಗೆ ಕಾಯಿ ಒಡೆದನೇ ಹೊರತು ಧಣಿಯನ್ನು ಹೊಡೆಯಲಿಲ್ಲ ಅಂತ. ಕೊಂದವನು ಸಾಹುಕಾರರ ಭಾವಮೈದ. ಇಡೀ ಕಾದಂಬರಿ ನಿಂತಿರುವುದು ಒಂದು ಅಕ್ಷರದ ಮೇಲೆ.

ಆ ಅಕ್ಷರವನ್ನು, ಅಚ್ಚಿನ ಮೊಳೆ ಜೋಡಿಸುವ ಬೆಂಗಳೂರಿನ ಕಂಪೋಸಿಟರ್ ಮಹಾಶಯ ತಿದ್ದಿಬಿಟ್ಟ.

ಪಾಪ, ಅವನಿಗೆ ‘ಒಡ್ದ’ ಎನ್ನುವುದು ತಪ್ಪಾಗಿ ಕಂಡಿದೆ. ವಕೀಲರಿಗೆ ಕನ್ನಡ ಬರುವುದಿಲ್ಲ ಎಂದುಕೊಂಡಿದ್ದಾನೆ. ಎರಡನೇ ಅಧ್ಯಾಯದಲ್ಲಿ ನನ್ನ ಹೂವಾಡಗಿತ್ತಿ “ಅವನು ಕಾಯಿ ತೆಗೆದುಕೊಂಡು ಹೊಡೆದ” ಎಂದು ಶುದ್ಧವಾಗಿ ಸಾಕ್ಷಿ ಹೇಳುತ್ತಾಳೆ. ಕೊನೆಯ ಪುಟದಲ್ಲಿ ನನ್ನ ಪತ್ತೇದಾರ ಎದ್ದು ನಿಂತು, “ಹೊಡೆದ ಎಂದರೆ ಹೊಡೆದ ಎಂದು ಏಕೆ ತಿಳಿಯಬೇಕು?” ಎನ್ನುತ್ತಾನೆ. ಓದಿದವರು ಏನು ತಿಳಿಯಬೇಕು? ಪ್ರೂಫ್ ನನಗೆ ಕಳಿಸಲೇ ಇಲ್ಲ. ಪುಸ್ತಕ ಕೈಗೆ ಬಂದಾಗ ನಾನು ಆ ಪುಟ ನೋಡಿ ಊಟ ಬಿಟ್ಟು ಎದ್ದೆ.

ಇದನ್ನೆಲ್ಲ ಹಮೀದ್ ಸಾಹೇಬರಿಗೆ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ವಿವರಿಸಿದೆ. ಮಳವಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. (ಇದ್ದಿಲು ಗ್ಯಾಸಿನ ಬಸ್ಸು. ಅದಕ್ಕೆ ಉಸಿರು ಬರುವುದೇ ಅದರ ಮನಸ್ಸು ಬಂದಾಗ.)

ಸಾಹೇಬರು ಟ್ಯೂಬಿಗೆ ತೇಪೆ ಒತ್ತುತ್ತಾ ನಕ್ಕರು. “ನನ್ ಕಥೆ ಕೇಳಿ ಸ್ವಾಮಿ. ನನ್ ಹೆಸ್ರು ಹಮೀದು. ಊರೆಲ್ಲಾ ಅಮೀದಣ್ಣ ಅಂತದೆ. ಮೊದ್ಲು ತಿದ್ದುತ್ತಿದ್ದೆ, ಆಮೇಲೆ ಬುಟ್ಬುಟ್ಟೆ. ಆದ್ರೆ ಸೈಕಲ್ ಪುಕ್ಕಟೆ ಬೇಕಾದಾಗ ನೋಡ್ಬೇಕು ನೀವು. ಆಗ ಮರ್ವಾದೆ ಜಾಸ್ತಿ ಆಗ್ಬುಡ್ತದೆ. ‘ಹಮೀದ್ ಹಣ್ಣ’ ಅಂತಾರೆ.”

“ಹಣ್ಣ?”

“ಹೂಂ. ಮರ್ವಾದೆ ಕೊಡೋವಾಗ ಹ ಹಾಕ್ಬೇಕು ಅಂತ ಗೊತ್ತು. ಎಲ್ಲಿ ಹಾಕ್ಬೇಕು ಅಂತ ಗೊತ್ತಿಲ್ಲ. ಸಿಕ್ಕಿದ ಕಡೆಗೆಲ್ಲಾ ಹಾಕ್ತಾರೆ.”

ನಕ್ಕೆವು. ಬಸ್ಸು ಬಂತು. ಹತ್ತಿದೆ. ಸಾಹೇಬರು ಮಾತ್ರ ಕೊನೆಗೂ ರಾಜಿಯಾಗಲಿಲ್ಲ. “ನೀವು ಏನೇ ಹೇಳಿ, ನನ್ ಪುಸ್ತಕದಲ್ಲಿ ಆಳೇ ಹೊಡ್ದಿರೋದು,” ಎಂದು ಕೂಗಿ ಹೇಳಿದರು.

ಈ ಮಾತು ನನಗಿಂತ ಮುಂಚೆ ಮಂಡ್ಯ ಮುಟ್ಟಿತು. ಹೇಗೆ ಅಂತ ಕೇಳಬೇಡಿ, ರೈಲಿನಲ್ಲಿ ಬರುವವರಿಗೆ ಬೇರೇನು ಕೆಲಸ? ಮಾರನೆಯ ದಿನ ನಮ್ಮ ಸೀನಿಯರ್ ರಾಯರು ನನ್ನನ್ನು ಒಳಗೆ ಕರೆದರು. ನಾನು ಕಸುಬು ಕಲಿತದ್ದು ಅವರ ಆಫೀಸಿನಲ್ಲಿ. ಕೂರುವುದು ಇವತ್ತಿಗೂ ಅವರು ಕೊಟ್ಟ ಕುರ್ಚಿಯಲ್ಲಿ. ಬರುವ ಕಕ್ಷಿದಾರರೂ ಅವರ ಹೆಸರು ಕೇಳಿ ಬರುವವರೇ.

“ಏನಯ್ಯಾ, ಮದ್ದೂರಿನಲ್ಲಿ ನಿನ್ನನ್ನು ನಿಲ್ಲಿಸಿ ಕೇಳಿದರಂತೆ?”

“ಅದು ಕಾದಂಬರಿ ವಿಚಾರ ಸಾರ್.”

“ಅದೇ ನಾನು ಹೇಳೋದು. ಹೆಣ ಬರೆಯೋ ವಕೀಲ ಅಂತ ನಗ್ತಾರೆ. ಜನಕ್ಕೆ ಎರಡೂ ಒಂದೇ. ಈಗ ಮಳವಳ್ಳಿ ಕೇಸು ಇದೆಯಲ್ಲ, ಅದನ್ನು ನೀನು ಸೋತೆ ಅಂತಿಟ್ಕೊ. ಪುಸ್ತಕದಲ್ಲಿ ಕೊಲೆಗಾರನ್ನ ಬಿಟ್ಟ, ಕೋರ್ಟಿನಲ್ಲಿ ನಿರಪರಾಧೀನ ಒಳಗೆ ಕಳಿಸಿದ ಅಂತಾರೆ. ಆ ಕೇಸು ಮುಗಿಯೋವರೆಗೂ ಟೈಮು ಕೊಟ್ಟಿದ್ದೀನಿ. ಆಮೇಲೆ ಈ ಕುರ್ಚಿ ಬೇಕೋ ಆ ಹೆಣಗಳು ಬೇಕೋ ಹೇಳು.”

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಬೈದವರ ಜೊತೆ ಜಗಳ ಆಡಬಹುದು, ಹಿತ ಹೇಳಿದವರ ಜೊತೆ ಏನು ಮಾಡುತ್ತೀರಿ?

ಮಳವಳ್ಳಿ ಕೇಸಿನಲ್ಲಿ ನನ್ನ ಕಕ್ಷಿದಾರ ಪೂರಿಗಾಲಿಯ ನಿಂಗಯ್ಯ. ಆಲೆಮನೆಯಲ್ಲಿ ಯಾರ ಕಬ್ಬು ಮೊದಲು ಅರೆಯಬೇಕು ಎಂದು ಅವನಿಗೂ ಪಕ್ಕದ ಹೊಲದ ಕಾಳಯ್ಯನಿಗೂ ಜಗಳವಾಗಿದೆ. ಜಗಳ ಮುಗಿಯುವ ಹೊತ್ತಿಗೆ ಕಾಳಯ್ಯ ಕೆಳಗೆ ಬಿದ್ದಿದ್ದಾನೆ, ಮೊಣಕೈ ಮೂಳೆ ಮುರಿದಿದೆ. ನಿಂಗ ಗಡಿಗೆಯಿಂದ ಹೊಡೆದ ಎಂದು ಅವನ ದೂರು. ಮೂಳೆ ಮುರಿದರೆ ಸಣ್ಣ ಕೇಸಲ್ಲ, ಜೈಲು. ನಿಂಗನ ಹೆಂಡತಿ ತುಂಬಿದ ಬಸುರಿ. ಮನೆಯಲ್ಲಿ ದುಡಿಯುವ ಗಂಡು ಬೇರೆ ಇಲ್ಲ.

“ಕ್ವಾಪ ಬಂದು ಗಡಿಗೆ ಒಡುದ್ದು ನಿಜ ಕಣ್ ಸ್ವಾಮಿ. ಅವುನ್ ಮೈ ಮುಟ್ಟಿದ್ರೆ ನನ್ ಕೈ ಸೇದೋಗ್ಲಿ,” ಎಂದ ನಿಂಗ.

ಗಡಿಗೆ ಒಡುದ್ದು! ಈ ಮಾತು ಕೇಳಿದಾಗ ನನ್ನ ಕಿವಿ ನಿಮಿರಿತು. ಇದನ್ನೇ ಕಾದಂಬರಿಯಲ್ಲಿ ಬರೆದಿದ್ದರೆ, ಎರಡು ಸಲ ಒಂದೇ ಉಪಾಯ ಹೂಡಿದ್ದಾನೆ ಎಂದು ನೀವೇ ಬೈಯುತ್ತಿದ್ದಿರಿ. ಆದರೆ ನಮ್ಮ ಕಡೆ ಇದು ಉಪಾಯವಲ್ಲ, ದಿನದ ಮಾತು. ಜಗಳ ನಡೆದಲ್ಲೆಲ್ಲ ಯಾರೋ ಏನನ್ನೋ ಒಡೆದಿರುತ್ತಾರೆ, ಇಲ್ಲ ಯಾರನ್ನೋ ಹೊಡೆದಿರುತ್ತಾರೆ. ಬಾಯಲ್ಲಿ ಎರಡಕ್ಕೂ ಒಂದೇ ಪದ.

ಜಗಳ ನೋಡಿದ ಮೂರನೆಯವರು ಒಬ್ಬರೇ. ಪುಟ್ಟಮ್ಮ, ಆಲೆಮನೆಯ ಒಲೆಗೆ ಒಣಗಿದ ಕಬ್ಬಿನ ಸೋಗೆ ಹಾಕುತ್ತಿದ್ದ ಹೆಂಗಸು. ಇಬ್ಬರ ಕಡೆಗೂ ಸೇರಿದವಳಲ್ಲ. ಸರ್ಕಾರದ ಕಡೆಯ ಸಾಕ್ಷಿ. ಅವಳ ಬಾಯಲ್ಲಿ ಏನು ಬರುತ್ತದೋ ನಿಂಗನ ಹಣೆಬರಹ ಅದು.

ವಿಚಾರಣೆಯ ದಿನ ಪುಟ್ಟಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದಳು. ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಮ್ಯಾಜಿಸ್ಟ್ರೇಟರು ನಮ್ಮ ಸೀಮೆಯವರಲ್ಲ, ಶಿವಮೊಗ್ಗದ ಕಡೆಯವರು, ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಪ್ರಾಸಿಕ್ಯೂಟರು ಕೇಳಿದರು.

“ನಿಂಗಯ್ಯ ಗಡಿಗೆ ತೆಗೆದುಕೊಂಡು ಏನು ಮಾಡಿದ?”

“ಒಡ್ದ ಬುದ್ಧಿ.”

“ಹೊಡೆದ?” ಎಂದರು ಅವರು, ಹ ಮೇಲೆ ಒತ್ತು ಕೊಟ್ಟು, ಹುಬ್ಬೇರಿಸಿ.

ಪುಟ್ಟಮ್ಮ ಗಲಿಬಿಲಿಯಾದಳು. ತಾನು ತಪ್ಪಾಗಿ ಆಡಿದೆ, ದೊಡ್ಡವರು ತಿದ್ದಿದರು ಅಂತ ಅವಳಿಗೆ ಅನ್ನಿಸಿತು. ಮುಖದ ಮೇಲೆಯೇ ಕಂಡಿತು.

“ಹೂಂ ಬುದ್ಧಿ, ಹೊಡ್ದ. ಹೊಡ್ದ,” ಎಂದಳು. ಎರಡನೇ ಸಲ ಇನ್ನೂ ಚೆನ್ನಾಗಿ ಉಸಿರು ಬಿಟ್ಟು ಹೇಳಿದಳು.

ಪ್ರಾಸಿಕ್ಯೂಟರು ಕೂತರು. ನನ್ನ ಹಿಂದೆ ನಿಂಗ “ಅಯ್ಯೋ ಸಿವ್ನೆ” ಎಂದದ್ದು ಕೇಳಿಸಿತು.

ಬೆಂಗಳೂರಿನ ಕಂಪೋಸಿಟರ್ ಮಳವಳ್ಳಿಗೂ ಬಂದುಬಿಟ್ಟಿದ್ದ ನೋಡಿ. ಅಲ್ಲಿ ಅವನು ಒಂದು ಅಕ್ಷರ ಸೇರಿಸಿ ನನ್ನ ಕಾದಂಬರಿ ಕೆಡಿಸಿದ. ಇಲ್ಲಿ ಅದೇ ಅಕ್ಷರ ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುತ್ತಿತ್ತು. ಕಾದಂಬರಿಗಾದರೆ ಎರಡನೇ ಮುದ್ರಣ ಇದೆ. ನಿಂಗನ ಹೆಂಡತಿಯ ಹೆರಿಗೆಗೆ ಇದೆಯೇ?

ಪಾಟೀಸವಾಲಿಗೆ, ಅಂದರೆ ಕ್ರಾಸಿಗೆ, ಎದ್ದೆ. ಏನು ಕೇಳಬೇಕು? “ನೀನು ಹೇಳಿದ್ದು ಒಡೆದ ಅಂತಲೋ ಹೊಡೆದ ಅಂತಲೋ?” ಎಂದು ಕೇಳಿದರೆ, ಇನ್ನೊಬ್ಬ ದೊಡ್ಡವನು ತಿದ್ದುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ನಾನು ಹೇಳಿದ್ದಕ್ಕೂ ಹೂಂ ಎನ್ನುತ್ತಾಳೆ. ಸಾಕ್ಷಿಗೆ ವಕೀಲ ಬಾಯಿಪಾಠ ಮಾಡಿಸಿದ ಎಂದು ಪ್ರಾಸಿಕ್ಯೂಟರು ಏಳುತ್ತಾರೆ. ಆಗ ಹಮೀದ್ ಸಾಹೇಬರ ‘ಹಣ್ಣ’ ನೆನಪಾಯಿತು. ಕಾದಂಬರಿ ಬರೆಯದೆ ಹೋಗಿದ್ದರೆ ಆ ಬೆಂಚಿನ ಮೇಲೆ ನಾನು ಕೂರುತ್ತಿದ್ದೆನೇ?

“ಪುಟ್ಟಮ್ಮ, ಮನೆಯಲ್ಲಿ ಯಾರು ಯಾರು ಇದ್ದೀರಮ್ಮ?”

“ನಾನು, ನನ್ ಹತ್ತೆ ಬುದ್ಧಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

“ದನಕರು ಏನಾದರೂ ಇದೆಯಾ?”

ಪುಟ್ಟಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು. ಕೋರ್ಟಿನ ಮರ್ಯಾದೆಗೆ ಒಂದಿಷ್ಟೂ ಕಮ್ಮಿಯಾಗದ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಹೆರಡು ಹೆಮ್ಮೆ. ಹೊಂದು ಹಾಡು.”

ಕೋರ್ಟು ನಕ್ಕಿತು. ಎರಡು ಎಮ್ಮೆ, ಒಂದು ಆಡು ಇರುವ ಹೆಂಗಸು ಎರಡು ಹೆಮ್ಮೆ, ಒಂದು ಹಾಡು ಇದೆ ಎಂದರೆ ಯಾರಿಗೆ ನಗು ಬರುವುದಿಲ್ಲ? ನನಗೂ ಬರಬೇಕಾಗಿತ್ತು. ಬರಲಿಲ್ಲ. ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ಪುಟ್ಟಮ್ಮ ತಾನೂ ಸ್ವಲ್ಪ ನಕ್ಕು, ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಅವಳು ಹಾಗೆ ಆಡಲಿ ಎಂದೇ ನಾನು ಆ ಪ್ರಶ್ನೆ ಕೇಳಿದ್ದೆ. ನಗಿಸಿದವನು ನಾನೇ.

ಪ್ರಾಸಿಕ್ಯೂಟರು ಎದ್ದರು. “ಎಮ್ಮೆಗೂ ಈ ಕೇಸಿಗೂ ಏನು ಸಂಬಂಧ ಅಂತ ನನ್ನ ಸ್ನೇಹಿತರು ಹೇಳಬೇಕು.”

“ಎಮ್ಮೆ ಎಂದು ಸಾಕ್ಷಿ ಹೇಳಲೇ ಇಲ್ಲವಲ್ಲ,” ಎಂದೆ. “ಹೆಮ್ಮೆ ಎಂದರು. ತಾವು ಮನಸ್ಸಿನಲ್ಲೇ ಹ ತೆಗೆದುಹಾಕಿ ಎಮ್ಮೆ ಎಂದು ಕೇಳಿಸಿಕೊಂಡಿರಿ. ಎಮ್ಮೆಗೆ ತೋರಿಸಿದ ಕರುಣೆಯನ್ನು ನನ್ನ ಕಕ್ಷಿದಾರನಿಗೂ ತೋರಿಸಬಾರದೇ?”

ನಗು ನಿಂತಿತು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ನನ್ನನ್ನು ಒಮ್ಮೆ ನೋಡಿದರು, ಪುಟ್ಟಮ್ಮನನ್ನು ಒಮ್ಮೆ ನೋಡಿದರು.

“ಅಮ್ಮಾ,” ಎಂದರು, “ನಿಮ್ಮೂರಿನಲ್ಲಿ ಅಕ್ಕಪಕ್ಕದವರ ಜೊತೆ ಹೇಗೆ ಮಾತಾಡ್ತೀಯೋ ಹಾಗೆ ಹೇಳು. ಆವತ್ತು ಏನಾಯ್ತು?”

“ಅಂಗೇ ಏಳುದ್ರೆ ಬಯ್ಯಕಿಲ್ವಾ ಬುದ್ಧಿ?”

“ಯಾರೂ ಬೈಯೋದಿಲ್ಲ.”

ಪುಟ್ಟಮ್ಮ ಕಟಕಟೆಯ ಮರ ಬಿಟ್ಟಳು. ಕೈಗಳು ಬಿಡುಗಡೆಯಾದವು, ಅವುಗಳ ಹಿಂದೆಯೇ ಮಾತೂ ಬಂತು.

“ಇವ್ರಿಬ್ರೂ ಬಾಯ್ಗೆ ಬಂದಂಗೆ ಬಯ್ಕಂಡ್ರು. ಈ ನಿಂಗ ಕ್ವಾಪ ತಡೀನಾರ್ದೆ ಗಡಿಗೆ ಎತ್ತಿ ನೆಲುಕ್ಕೆ ಕುಕ್ಕುದ. ಗಡಿಗೆ ಚೂರಾಯ್ತು, ಕಬ್ಬಿನಾಲು ಎಲ್ಲಾ ಚೆಲ್ಲೋಯ್ತು. ಕಾಳ ಇವುನ್ ಮೇಲೆ ಬೀಳಕ್ ಬಂದ. ಆಲು ತುಳುದು ಜಾರುದ, ಕೊಪ್ರಿಗೆ ಪಕ್ಕದ್ ಕಲ್ಲಿನ್ ಮೇಲೆ ದಪ್ಪಂತ ಬಿದ್ದ. ಇವುನು ಅವುನ್ ಮೈಗೆ ಕೈ ಸೋಕ್ಸಿಲ್ಲ. ನಾನೇ ಓಗಿ ಎತ್ತುದ್ನಲ್ಲ ಅವುನ್ನ.”

“ಹಾಗಾದರೆ ಗಡಿಗೆ ತೆಗೆದುಕೊಂಡು ಕಾಳಯ್ಯನಿಗೆ ಏನೂ ಮಾಡಲಿಲ್ಲ?” ಎಂದರು ಮ್ಯಾಜಿಸ್ಟ್ರೇಟರು.

“ಇನ್ನೇನ್ ಮಾಡಾನು ಬುದ್ಧಿ? ಗಡಿಗೆ ಒಡ್ದೋಗಿತ್ತಲ್ಲ.”

ಮುಂದಿನ ವಾಯಿದೆಗೆ ತೀರ್ಪು ಬಂತು. ನಿಂಗ ಬಿಡುಗಡೆಯಾದ. ಹೊರಗೆ ಬಂದವನು ನನ್ನ ಕಾಲಿಗೆ ಬೀಳಲು ಬಂದ. ನಾನು ಅವನನ್ನು ಪುಟ್ಟಮ್ಮನ ಕಡೆಗೆ ತಿರುಗಿಸಿದೆ. ಅವಳು ಹುಣಸೇಮರದ ಕೆಳಗೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಮದ್ಲು ಗಡಿಗೆ ಒಡೆಯೋ ಬುದ್ಧಿ ಬುಡ್ಲಾ, ಆಮೇಲೆ ಕಾಲಿಗ್ ಬೀಳುವಂತೆ,” ಎಂದಳು ಅವನಿಗೆ. ನನ್ನನ್ನು ಕರೆದು ಮೆಲ್ಲಗೆ ಕೇಳಿದಳು: “ಅವತ್ತು ಎಲ್ರೂ ಯಾಕೆ ನಕ್ರು ಸ್ವಾಮಿ? ನಾನು ಸರ್ಯಾಗೇ ಏಳುದ್ನಲ್ಲ.”

“ಸರಿಯಾಗೇ ಹೇಳಿದಿರಮ್ಮ. ಅವರಿಗೆ ಕೇಳಿಸಿಕೊಳ್ಳೋಕೆ ಬರಲಿಲ್ಲ,” ಎಂದೆ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಹೆಮ್ಮೆ ಪಡಬೇಕಾದ ನಾಲಗೆಯನ್ನು ನಾಚಿಕೆ ಪಡುವ ಹಾಗೆ ಮಾಡಿದವರು ಯಾರು? ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಂದವಳು, ನಮ್ಮ ಕೋಟು ನೋಡಿ ಹೆದರಿ, ನಮ್ಮ ಅಕ್ಷರ ಸಾಲ ತೆಗೆದುಕೊಂಡು, ಇಲ್ಲದ್ದನ್ನು ಹೇಳಿಬಿಟ್ಟಳು. ನಿಂಗ ಜೈಲಿಗೆ ಹೋಗಿದ್ದರೆ ಅದು ಅವಳ ತಪ್ಪಾಗುತ್ತಿತ್ತೇ?

ಮಂಡ್ಯಕ್ಕೆ ಬಂದು ರಾಯರಿಗೆ ವರದಿ ಒಪ್ಪಿಸಿದೆ. ಎಲ್ಲ ಕೇಳಿದರು. ಎಮ್ಮೆಯ ಜಾಗ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

“ಚೆನ್ನಾಗಿತ್ತಯ್ಯ ಕ್ರಾಸು. ಇಂಥ ತಲೆ ಇಟ್ಕೊಂಡು ಆ ಹಾಳು ಕಥೆಗಳಿಗೆ ಯಾಕೆ ಖರ್ಚು ಮಾಡ್ತೀಯ?”

“ಆ ಕಥೆಗಳಿಂದಲೇ ಬಂದ ಕ್ರಾಸು ಸಾರ್ ಅದು. ಬರೆಯೋದಕ್ಕೆ ಕೂತ ಮೇಲೇ ನಾನು ಜನ ಮಾತಾಡೋದನ್ನು ಕೇಳೋಕೆ ಶುರುಮಾಡಿದ್ದು. ಅದಕ್ಕೆ ಮುಂಚೆ ಬರೀ ಉತ್ತರ ಕೇಳ್ತಿದ್ದೆ.”

“ಕೇಸು ಗೆದ್ದೆ ಅಂತ ನನ್ನ ಮಾತು ಬದಲಾಗೋದಿಲ್ಲ.”

“ಗೊತ್ತು ಸಾರ್. ಕಾದಂಬರಿ ಬಿಡೋದಿಲ್ಲ.”

ದುಃಖವಾಯಿತು, ಆಗಲಿಲ್ಲ ಅಂತ ಯಾಕೆ ಸುಳ್ಳು ಹೇಳಲಿ? ತಂದೆಯ ಹಾಗೆ ನೋಡಿಕೊಂಡವರು. ಕಾಲು ಮುಟ್ಟಿ ನಮಸ್ಕಾರ ಮಾಡಿ ನನ್ನ ಪುಸ್ತಕಗಳನ್ನು ಕಟ್ಟಿಕೊಂಡೆ. ಈಗ ನನ್ನ ಆಫೀಸು ನಮ್ಮ ಮನೆಯ ಜಗಲಿ. ಬೋರ್ಡು ಬರೆಸಿದ್ದೇನೆ. ಹೆಸರಿನ ಕೆಳಗೆ ‘ವಕೀಲರು’, ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ‘ಪತ್ತೇದಾರಿ ಕಾದಂಬರಿಕಾರರು’. ಬರುವ ಕಕ್ಷಿದಾರರು ಕಮ್ಮಿಯಾಗಿದ್ದಾರೆ. ಬಂದವರು ಮಾತ್ರ ಎರಡನ್ನೂ ಓದಿಕೊಂಡೇ ಮೆಟ್ಟಿಲು ಹತ್ತುತ್ತಾರೆ. (ಮನೆಯಾಕೆಗೆ ಇದರಲ್ಲಿ ಒಂದೇ ತಕರಾರು. ಕಳ್ಳರು ಮೊದಲು ಆಫೀಸಿಗೆ ಬರುತ್ತಿದ್ದರು, ಈಗ ನೇರವಾಗಿ ಮನೆಗೇ ಬರುತ್ತಾರಂತೆ.)

ಪ್ರಕಾಶಕರಿಗೂ ಬರೆದೆ. ಮತ್ತೆ ಅಚ್ಚು ಹಾಕುವುದಾದರೆ ‘ಒಡ್ದ’ ಎಂದೇ ಹಾಕಬೇಕು, ಇಲ್ಲದಿದ್ದರೆ ಬೇಡ. ಒಂದು ಅಕ್ಷರಕ್ಕೆ ಇಷ್ಟು ರಂಪ ಏಕೆ ಎಂದು ಉತ್ತರ ಬಂತು. ಒಂದು ಅಕ್ಷರಕ್ಕೆ ಮನುಷ್ಯ ಜೈಲಿಗೆ ಹೋಗುತ್ತಾನೆ ಸ್ವಾಮಿ, ರಂಪ ಸಾಲದು ಎಂದು ತಿರುಗಿ ಬರೆದಿದ್ದೇನೆ. ಅಲ್ಲಿಯವರೆಗೆ, ಸಿಕ್ಕಿದ ಪ್ರತಿಗಳನ್ನೆಲ್ಲ ನಾನೇ ಪೆನ್ನಿನಿಂದ ತಿದ್ದುತ್ತಿದ್ದೇನೆ. ನಿಮ್ಮ ಬಳಿ ಇದ್ದರೆ ನೀವೂ ಆ ಹಕಾರದ ತಲೆ ಹೊಡೆದುಹಾಕಿ.

ಮೊನ್ನೆ ಮದ್ದೂರಿನಲ್ಲಿ ಇಳಿದು ಹಮೀದ್ ಸಾಹೇಬರ ಪ್ರತಿಯನ್ನೂ ತಿದ್ದಿದೆ. ಗ್ರೀಸು ಮೆತ್ತಿದ ಪುಟದ ಮೇಲೆ ನಾನು ಬರೆದ ‘ಒಡ್ದ’ವನ್ನು ಅವರು ಬೆರಳಿಟ್ಟು ಓದಿದರು. ಕೊನೆಯ ಪುಟ ತೆಗೆಸಿದರು, ಅಲ್ಲೂ ತಿದ್ದಿಸಿದರು, ಅಲ್ಲೂ ಓದಿದರು.

“ಹಂಗಾದ್ರೆ ಆಳು ನಿರಪರಾಧಿ.”

“ಹೌದು ಸಾಹೇಬರೇ.”

“ಮೊದ್ಲೇ ಹಿಂಗೆ ಬರೆಯೋಕೆ ಏನಾಗಿತ್ತು ನಿಮ್ಗೆ?” ಎಂದು ನನ್ನನ್ನೇ ಬೈದು ಪುಸ್ತಕವನ್ನು ಟೂಲ್ಸ್ ಪೆಟ್ಟಿಗೆಯೊಳಗೆ ಇಟ್ಟರು.

ಹೊಸ ಕಾದಂಬರಿ ಶುರುವಾಗಿದೆ. ಇಂದು ಬೆಳಗ್ಗೆಯೇ ಮೊದಲ ಅಧ್ಯಾಯ ಮುಗಿಯಿತು, ಹೆಣ ಮಾತ್ರ ಯಾರದ್ದು ಎಂದು ಇನ್ನೂ ಗೊತ್ತುಮಾಡಿಲ್ಲ. ಆದ್ದರಿಂದ ಈ ಪತ್ರಿಕೆಯ ಕಂಪೋಸಿಟರ್ ಮಹಾಶಯರಲ್ಲಿ ಒಂದು ವಿನಂತಿ: ಮೇಲೆ ಪುಟ್ಟಮ್ಮ ಆಡಿದ ಮಾತುಗಳನ್ನು ಇದ್ದ ಹಾಗೇ ಜೋಡಿಸುತ್ತೀರೋ, ಇಲ್ಲ ಆ ಹೆಣದ ಜಾಗಕ್ಕೆ ನಿಮ್ಮ ಹೆಸರು ಬರೆದುಕೊಳ್ಳಲೋ?